ಹಕ್ಕಲು

ಸಂಜೆ ಐದಕ್ಕೆ ಕಣದ ಮೂಲೆಯ ಹಲಸಿನ ಕೊಂಬೆಗೆ
ತಕ್ಕಡಿ ತೂಗುಹಾಕಿ ಹೆಸರು ಕೂಗುವವನು ನಾನು,
ಸಿದ್ದಾಪುರದಾಚೆ, ಕಾವೇರಿ ದಂಡೆಯ ತೋಟದ ರೈಟರ್.
ಹೆಸರು ಸತ್ಯಮಿತ್ರ. ಇಟ್ಟವನು ಅಪ್ಪ.

ಚೀಲದ ಬಾಬ್ತು ಒಂದು ಕಿಲೊ ಕಳೆಯುವುದು ವಾಡಿಕೆ.
ಗೋಣಿ ಹೋಗಿ ಪ್ಲಾಸ್ಟಿಕ್ ಬಂದು ಕಾಲವಾಯಿತು,
ಊದಿದರೆ ಹಾರುವ ಚೀಲ;
ಕಳೆಯುವ ಕಿಲೊ ಮಾತ್ರ ಇನ್ನೂ ಗೋಣಿಯದೇ.
ಹನ್ನೆರಡು ಕೊಯ್ಲು ಕಳೆದೆ, ಕೈ ನಡುಗಲಿಲ್ಲ.

ಭಾನುವಾರ ಸಂಜೆ ಲೈನಿನ ಕೊನೆಮನೆಯಲ್ಲಿ
ಏಳೆಂಟು ಕುಟುಂಬ ಕೂಡುತ್ತವೆ ಪ್ರಾರ್ಥನೆಗೆ.
ಓದುವವನೂ ನಾನೇ, ಬಿಡಿಸಿ ಹೇಳುವವನೂ ನಾನೇ.
ಕೃಪೆ ಬಂದ ಮೇಲೆ ಹಳೆಯ ಕಟ್ಟಳೆ ಯಾಕೆ,
ಆಡಿನ ಕೊಬ್ಬು, ಕುಷ್ಠ ಹಿಡಿದ ಗೋಡೆ, ಸೆರಗಿನ ಗೊಂಡೆ,
ಅದೆಲ್ಲ ಅವರಿಗೆ, ನಮಗಲ್ಲ, ಎಂದು
ಪುಟ ಹಾರಿಸುತ್ತಿದ್ದೆ,
ಗುಂಡಿಬಿದ್ದ ರಸ್ತೆಯಲ್ಲಿ ಜೀಪು ಹಾರಿಸಿದ ಹಾಗೆ.

ಆ ವಾರ ಒಂದು ಗುಂಡಿ ತಪ್ಪಿಸಲಾಗಲಿಲ್ಲ:
ಒಂದೇ ಚೀಲದಲ್ಲಿ
ಎರಡು ಬಗೆಯ ತೂಕದ ಕಲ್ಲು ಇಟ್ಟವನ ಮಾತು.
ಓದುತ್ತ ಓದುತ್ತ ದನಿ ಇಳಿಯಿತು.
ಬೆಳಕು ಸಾಲದೇನೋ ಎಂದು ಕರುಣಾವತಿಯಕ್ಕ
ಮೊಬೈಲ್ ಹಿಡಿದಳು, ಪುಟಕ್ಕೆ. ಅದು ಮುಖಕ್ಕೆ ಬಿತ್ತು.

ಸೋಮವಾರ ಕಾಫಿ ಬೋರ್ಡಿನವರು ಬಂದರು.
ಉದುರಿದ ಒಂದು ಹಣ್ಣೂ ನೆಲದಲ್ಲಿ ಉಳಿಯಬಾರದು,
ಕಾಯಿಕೊರಕ ಅಲ್ಲೇ ಸಂಸಾರ ಹೂಡುತ್ತದೆ, ಎಂದು
ಹಣ್ಣೊಂದನ್ನು ಸೀಳಿ ತೋರಿಸಿದರು:
ಸಾಸಿವೆಯಷ್ಟೂ ಇಲ್ಲದ ಕರಿ ಹುಳ.
ನನಗೆ ನೆನಪಾದದ್ದು ಮರಳುಗಾಡಿನ ಮನ್ನ,
ನಾಳೆಗಿರಲಿ ಎಂದು ಮುಚ್ಚಿಟ್ಟ ಮಡಕೆಯಲ್ಲಿ
ಬೆಳಗಾಗುವಷ್ಟರಲ್ಲಿ ಮಿಜಿಗುಟ್ಟಿದ ಹುಳ.

ಬೇಲಿಯಾಚೆ ಕರಪಿ ನಿಂತಿದ್ದಳು, ಎರವರ ಹಾಡಿಯವಳು,
ಕೊಯ್ದು ಮುಗಿದ ಸಾಲಿನಲ್ಲಿ ಹಕ್ಕಲಾಯಲು.
ಪ್ರತಿವರ್ಷ ಅವಳನ್ನು ಓಡಿಸುವವನೂ ನಾನೇ.
ಅಂಚು ಬಿಡು, ಬಿದ್ದದ್ದು ಬಿಡು, ಎರಡನೆ ಸಲ ಹೋಗಬೇಡ
ಎಂದು ಕಟ್ಟಳೆಯಿಟ್ಟವನಿಗೆ
ಹುಳದ ಲೆಕ್ಕವೂ ಗೊತ್ತಿತ್ತೇನೋ!
ಬಡವರು ಆಯ್ದ ನೆಲದಲ್ಲಿ ಹುಳಕ್ಕೆ ಉಳಿಯುವುದೇನು?
"ಬಾ" ಅಂದೆ.
ನಂಬದೆ ಕತ್ತಿ ಕೆಳಗಿಟ್ಟು, ಬರಿಗೈ ತೋರಿಸಿ
ಒಳಗೆ ಬಂದಳು.

ಅಪ್ಪ ಮೂಲ್ಕಿಯಿಂದ ಘಟ್ಟ ಹತ್ತಿದವನು.
ಒಂದು ಟ್ರಂಕು, ಸೋರುವ ಲೈನುಮನೆ.
ಸಾಯುವ ತನಕ ಹೇಳುತ್ತಿದ್ದ:
ರೈಟರ್ ಬರೆದದ್ದೇ ತೂಕ, ಮಗ.
ಕಲಿ ಎಂದು ಹೇಳಿದನೋ, ಮರೆಯಬೇಡ ಎಂದೋ.
ನಾನು ಮೊದಲನೆಯದನ್ನು ಹಿಡಿದೆ.
ಐಗುಪ್ತ ಬಿಡುವುದಕ್ಕೆ ಒಂದು ರಾತ್ರಿ ಸಾಕು;
ಐಗುಪ್ತದವರ ಕೋಲು ಕೈಯಿಂದ ಬಿಡುವುದಕ್ಕೆ
ನಲವತ್ತು ವರ್ಷವೂ ಸಾಲದು.

ಈ ಸಲ ಕೊಯ್ಲಿಗೆ ಅಸ್ಸಾಮಿನವರು.
ಫುಲ್ಮೋನಿ ಎಂಬ ಹುಡುಗಿ ನನ್ನ ಬರಹ ಓದಲಾರಳು,
ತಕ್ಕಡಿಯ ಮುಳ್ಳು ನೋಡಬಲ್ಲಳು.
ಸೊಂಟದಲ್ಲೊಂದು ದಾರ: ಹತ್ತು ಕಿಲೊಗೆ ದೊಡ್ಡ ಗಂಟು,
ಕಿಲೊಗೆ ಸಣ್ಣದು.
ಶನಿವಾರದ ಬಟವಾಡೆಯಲ್ಲಿ ಆ ಗಂಟುಗಳು
ನನ್ನ ಪುಸ್ತಕಕ್ಕೆ ಎಂದೂ ಕೂಡಿಬರಲಿಲ್ಲ.
ಅವಳು ಜಗಳವಾಡಲಿಲ್ಲ. ಗಂಟು ಬಿಚ್ಚಲೂ ಇಲ್ಲ.

ಮಂಗಳವಾರ, ಎಲ್ಲರ ಮುಂದೆ,
ಬರಿಯ ಚೀಲವನ್ನು ಕೊಕ್ಕೆಗೆ ಸಿಕ್ಕಿಸಿದೆ.
ಮುಳ್ಳು ಅಲುಗಲಿಲ್ಲ.
ಮ್ಯಾನೇಜರ್ ವರಾಂಡದಿಂದ ನೋಡಿ ಒಳಗೆ ಹೋದರು;
ಅದರ ಅರ್ಥ ನಾಳೆ ಗೊತ್ತಾದೀತು.
ತೂಗಿದೆ. ಕಳೆಯದೆ ಬರೆದೆ. ನಲವತ್ತೊಂದು.
ಎದೆ ಹಗುರಾಗಬೇಕಿತ್ತು.

ಕಿತ್ತುಕೊಂಡದ್ದನ್ನು ತಿರುಗಿ ಕೊಡುವಾಗ
ಐದರಲ್ಲೊಂದು ಪಾಲು ಕೂಡಿಸಿ ಕೊಡು
ಎಂಬ ಕಟ್ಟಳೆಯೂ ಇದೆ.
ಆ ಪುಟವನ್ನು ಹಾರಿಸಿದ್ದೆ.

ಫುಲ್ಮೋನಿ ನಾಲ್ಕು ದೊಡ್ಡ ಗಂಟು ಹಾಕಿದಳು, ಒಂದು ಸಣ್ಣದು.
ನಗಲಿಲ್ಲ.
ದಾರವನ್ನು ಹಿಂದಕ್ಕೆ, ಹಿಂದಕ್ಕೆ
ಮೊದಲ ಗಂಟಿನ ತನಕ ಬೆರಳಲ್ಲಿ ಎಳೆದು
ಇಲ್ಲಿ ಬಂದು ಕಲಿತ ನಾಲ್ಕು ಮಾತಿನಲ್ಲಿ ಒಂದನ್ನು
ನನ್ನೆದುರು ಇಟ್ಟಳು:
"ನಿನ್ನೇದು?"