ಫಲಾನುಭವಿಗಳ ಸಂಖ್ಯೆ

ಗ್ರಿಮ್ಸ್‌ಬಿ ಬಂದರಿನ ಹಿಂದೆ, ಮುಚ್ಚಿದ ಐಸ್ ಕಾರ್ಖಾನೆಯ
ನೆರಳು ಬೀಳುವ ಬೀದಿಯಲ್ಲಿ ಒಂದು ಚರ್ಚ್ ಹಾಲ್.
ಮಂಗಳವಾರ ಸಂಜೆ ಐದಕ್ಕೆ ಹತ್ತೊಂಬತ್ತು ಜನ
ಬಂದು ಕೂತು ಮೊದಲು ಕೆಮ್ಮುತ್ತಾರೆ.
ಆಮೇಲೆ ಹಾಡುತ್ತಾರೆ.

ನಾನು ಇವರ ಖಜಾಂಚಿ. ಸಂಬಳವಿಲ್ಲ.
ಲಾಭರಹಿತ ಸಂಸ್ಥೆ; ಹೆಸರಿಗೆ ತಕ್ಕ ಹಾಗಿದೆ.
ಬ್ಯಾಂಕಿನಲ್ಲಿ ಇನ್ನೂರ ಹದಿನಾಲ್ಕು ಪೌಂಡು,
ಬಿಸ್ಕತ್ತಿನ ಡಬ್ಬಿಯಲ್ಲಿ ಚಹಾದ ಚಿಲ್ಲರೆ,
ಪಿಯಾನೋದಲ್ಲಿ ಒತ್ತಿದರೆ ಮೇಲೇಳದ ಎರಡು ಕೀಲಿ.

ಅನುದಾನದ ಅರ್ಜಿ ಇಪ್ಪತ್ತಾರು ಪುಟ.
ಪ್ರಶ್ನೆಗೊಂದು ಪೆಟ್ಟಿಗೆ, ಪೆಟ್ಟಿಗೆಗೆ ಇನ್ನೂರೈವತ್ತು ಪದ.
ಇನ್ನೂರೈವತ್ತೊಂದನೆಯದನ್ನು ಪರದೆ ನುಂಗಿ
ಏನೂ ಆಗದಂತೆ ಕೂರುತ್ತದೆ.
ನಿಮ್ಮ ಕಲೆಯಿಂದ ಯಾರಲ್ಲಿ ಏನು ಬದಲಾಗುತ್ತದೆ?
ಬದಲಾದದ್ದನ್ನು ಹೇಗೆ ಅಳೆಯುತ್ತೀರಿ?

ಕಲೆ ಅಂದರೆ ನನ್ನ ಭಾಷೆಯಲ್ಲಿ
ಉಜ್ಜಿದರೂ ಹೋಗದ್ದು ಅಂತಲೂ ಅರ್ಥ.
ಅದನ್ನು ಬರೆಯಲಿಲ್ಲ. ಬೆರಿಲ್‌ಳ ಕೈ ನೋಡಿದೆ.
ಹೊಗೆಮನೆಯಲ್ಲಿ ಮೂವತ್ತೊಂದು ವರ್ಷ
ಹ್ಯಾಡಕ್ ಮೀನು ತೂಗುಹಾಕಿದ ಕೈ.
ಉಗುರಿನ ಸಂದಿಯಲ್ಲಿ ಕಂದು ಇನ್ನೂ ಇದೆ;
ಅಷ್ಟೇ ಕಂದು ಎದೆಯೊಳಗೂ ಇರಬೇಕು.

ಹಾಡಿಸುವ ಟಾಮ್ಸಿನ್ ಹೇಳಿದಳು, ಉಸಿರನ್ನೇ ಅಳೆಯೋಣ.
ಒಂದೇ ಸ್ವರ, ಒಂದು ಆ, ಎಷ್ಟು ಹೊತ್ತು ನಿಲ್ಲುತ್ತದೋ ಅಷ್ಟು.
ಎಣಿಸುವವಳು ನಾನು. ಮಿಕ್ಕ ಎಲ್ಲಕ್ಕೂ ಇಂಗ್ಲಿಷ್ ಬರುತ್ತದೆ,
ಎಣಿಸುವಾಗ ಮಾತ್ರ ಬಾಯಿ ಹಟ ಹಿಡಿಯುತ್ತದೆ:
ಒಂದು, ಎರಡು, ಮೂರು.

ವಿಲ್ಫ್ ಡ್ರೂರಿ, ಎಪ್ಪತ್ತೊಂಬತ್ತು,
ಐಸ್‌ಲ್ಯಾಂಡಿನ ನೀರಿನವರೆಗೂ ಹೋಗಿ ಬಲೆ ಎಳೆದವನು,
ಸೆಪ್ಟೆಂಬರಿನಲ್ಲಿ ಏಳು.
ಕ್ರಿಸ್‌ಮಸ್ಸಿಗೆ ಒಂಬತ್ತು. ಮಾರ್ಚಿನಲ್ಲಿ ಹನ್ನೊಂದು.
ಗೋಡೆ ಹಿಡಿದು ಬಾಗಿ ನಿಂತು ಕೇಳಿದ:
ಹನ್ನೊಂದು ಅಂದೆಯಲ್ಲ,
ಅದು ನಿಮ್ಮಲ್ಲಿ ಜಾಸ್ತಿಯೋ, ಕಡಿಮೆಯೋ?

ನಾಲ್ಕು ಸೆಕೆಂಡು ಹೆಚ್ಚಾಗಿದೆ ಎಂದು ಬರೆದು
ಒಂಬತ್ತು ಸಾವಿರದ ಎಂಟುನೂರು ಪೌಂಡು ಕೇಳಿದೆ.

ಊರಿನ ಪತ್ರಿಕೆಗೆ ಯಾರೋ ಕಾಗದ ಬರೆದಿದ್ದರು:
ಹಾಡುವವರಿಗೆ ಯಾಕೆ ನಮ್ಮ ತೆರಿಗೆ,
ಮೊದಲು ರಸ್ತೆಯ ಗುಂಡಿ ಮುಚ್ಚಿ.
ಸುಳ್ಳೇನಲ್ಲ. ಆ ಗುಂಡಿಯಲ್ಲೇ ನನ್ನ ಕಾಲು ಉಳುಕಿದ್ದು.
ಮಂಗಳವಾರ ಕುಂಟುತ್ತಲೇ ಹೋದೆ.

ಜೂನಿನಲ್ಲಿ ಉತ್ತರ ಬಂತು. ಅರ್ಜಿ ಸದೃಢವಾಗಿದೆ, ನಿಧಿ ಸೀಮಿತವಾಗಿದೆ,
ಆರು ಸಾವಿರದ ಇನ್ನೂರು.
ಅರ್ಧ ಊಟಕ್ಕೂ ಎಲೆ ಪೂರ್ತಿಯೇ ಹಾಸಬೇಕು:
ರಸೀದಿ, ಫೋಟೊ, ಮೂರು ತಿಂಗಳಿಗೊಂದು ವರದಿ.
ಪಿಯಾನೋ ರಿಪೇರಿಯನ್ನು ಹೊಡೆದುಹಾಕಿದೆವು.
ಆ ಎರಡು ಕೀಲಿ ಮುಟ್ಟದ ಹಾಡುಗಳನ್ನು
ಟಾಮ್ಸಿನ್ ಹುಡುಕಿಕೊಂಡಳು; ಇವೆ, ಬೇಕಾದಷ್ಟಿವೆ.

ಕಾಗದ ಬಂದದ್ದು ಗುರುವಾರ.
ವಿಲ್ಫ್ ಹೋದದ್ದು ಅದರ ಹಿಂದಿನ ಸೋಮವಾರ.

ಅದಕ್ಕೂ ಒಂದು ನಮೂನೆ ಇದೆ.
ಫಲಾನುಭವಿಗಳ ಸಂಖ್ಯೆಯಲ್ಲಿ ಬದಲಾವಣೆ:
ಹತ್ತೊಂಬತ್ತರಿಂದ ಹದಿನೆಂಟು.
ಕಾರಣವನ್ನು ಐವತ್ತು ಪದ ಮೀರದಂತೆ ವಿವರಿಸಿ.
ಫಲ ಅನುಭವಿಸಿದವನು. ಹಾಲಿನಲ್ಲಿ ಅವನು ಉಂಡ ಫಲವೆಂದರೆ
ಚಹಾದಲ್ಲಿ ಅದ್ದಿದ ಎರಡು ಬಿಸ್ಕತ್ತು,
ಮತ್ತೆ ಆ ನಾಲ್ಕು ಸೆಕೆಂಡು.
ಎರಡೇ ಪದ ಬರೆದೆ. ನಲವತ್ತೆಂಟು ಉಳಿದವು.
ಖರ್ಚಾಗದ್ದನ್ನು ಹಿಂತಿರುಗಿಸಬೇಕೆಂದು ಷರತ್ತಿನಲ್ಲಿದೆ,
ಹಣಕ್ಕೆ ಮಾತ್ರವೋ, ಸ್ಪಷ್ಟವಿಲ್ಲ.

ಮುಂದಿನ ಮಂಗಳವಾರ ಹೀಟರಿನ ಪಕ್ಕದ ಕುರ್ಚಿಯಲ್ಲಿ
ಯಾರೂ ಕೂರಲಿಲ್ಲ. ಬಾ, ನೀನು ನಿಲ್ಲು ಎಂದಳು ಬೆರಿಲ್.
ಸಮಿತಿಯವರನ್ನು ಫಲಾನುಭವಿಗಳೆಂದು ಎಣಿಸತಕ್ಕದ್ದಲ್ಲ,
ಷರತ್ತು ಹದಿನಾರು, ಎಂದೆ.
ಎಣಿಸು ಅಂದವರು ಯಾರು, ಬಾಯಿ ತೆರಿ.

ತೆರೆದೆ. ಆ ಎಂದೆ.
ನನ್ನದು ಇಷ್ಟು ಸಣ್ಣ ದನಿಯೆಂದು ಗೊತ್ತಿರಲಿಲ್ಲ.
ಪಕ್ಕದಲ್ಲಿ ಬೆರಿಲ್, ಒಂದು ಚಳಿಗಾಲವಿಡೀ
ನನ್ನ ಬಾಯಿಂದ ಕೇಳಿ ಕಲಿತದ್ದನ್ನು
ಆ ಕಂದು ಬೆರಳುಗಳ ಮೇಲೆ ಮಡಿಸುತ್ತಿದ್ದಳು:
ಐದು, ಆರು, ಏಲು, ಎಂಟು, ಹತ್ತು.

ಒಂಬತ್ತನ್ನು ಬಿಟ್ಟಿದ್ದಳು.
ತಿದ್ದಬೇಕಾದರೆ ಉಸಿರು ಬಿಡಬೇಕಿತ್ತು,
ಬಿಡಲಿಲ್ಲ.