ಐದು ಮೈಕ್ರಾನ್

ವಿ.ಸಿ. ನಾಲೆಯಲ್ಲಿ ತೇಲಿಬಂದು
ತೂಬಿನ ಸರಳಿಗೆ ಸಿಕ್ಕಿಕೊಂಡಿದ್ದ ಹೆಣ್ಣು ಕಾಡುಹಂದಿ.
ವಾಚರ್ ಕೆಂಪಾಚಾರಿ ಹಲ್ಲಿನ ನಡುವೆ ಮರದ ತುಂಡು ಕೊಟ್ಟು ಹಿಡಿದನಂತೆ,
ನಸೀಮಾ ಮೇಡಂ ಅಂಗುಳಿನ ಹಿಂಭಾಗ ಕೊಯ್ದರಂತೆ.
ನನಗೆ ಬಂದದ್ದು ಉಪ್ಪಿನಕಾಯಿ ಬಾಟಲಿಯಲ್ಲಿ, ಫಾರ್ಮಲಿನ್ನಿನೊಳಗೆ,
ಹೆಬ್ಬೆಟ್ಟಿನ ಉಗುರಿನಷ್ಟು. ಚೀಟಿಯಲ್ಲಿ: ಟಾನ್ಸಿಲ್, ಪಾಂಡವಪುರ ಕಡೆ.

ಬರಿಗಣ್ಣಿಗೆ ಅದು ತೂತು ತೂತು,
ಅಕ್ಕಿರೊಟ್ಟಿ ತಟ್ಟಿ ಬೆರಳಲ್ಲಿ ಚುಚ್ಚಿದ ಹಾಗೆ.

ಎರಡು ದಿನ ಆಲ್ಕೋಹಾಲ್, ಆಮೇಲೆ ಕ್ಸೈಲೀನ್, ಆಮೇಲೆ ಬಿಸಿ ಮೇಣ.
ಮೈಸೂರಿನಲ್ಲಿ ಏಪ್ರಿಲ್. ಮೇಣ ಬಿರುಸಾಗದು.
ಫ್ರಿಜ್ಜಿನಲ್ಲಿ ಯಾರದೋ ಮೊಸರನ್ನದ ಪಕ್ಕ ಇಟ್ಟೆ,
ತಪ್ಪು, ಗೊತ್ತು.

ಮೈಕ್ರೋಟೋಮಿನ ಹಿಡಿ ತಿರುಗಿಸಿದರೆ
ಹಂದಿಯ ಗಂಟಲು ರಿಬ್ಬನ್ನಾಗಿ ಬರುತ್ತದೆ,
ಉಸಿರು ಬಿಟ್ಟರೆ ಹಾರುವಷ್ಟು ತೆಳ್ಳಗೆ.
ಬೆಚ್ಚನೆ ನೀರಿನ ಮೇಲೆ ಬಿಟ್ಟೆ.
ಅದು ನೀರಲ್ಲಿ ತೇಲಿದ್ದು ಎರಡನೆಯ ಸಲ.

ನೇರಳೆ ಮೊದಲು, ಗುಲಾಬಿ ಆಮೇಲೆ. ಈಗ ನೋಡು:
ಮೇಲೆ ಗುಲಾಬಿ ಗೋಡೆ, ಚಪ್ಪಟೆ ಕೋಶಗಳನ್ನು
ಹೆಂಚಿನ ಹಾಗೆ ಪೇರಿಸಿದ್ದು.
ಗೋಡೆ ಇದ್ದಕ್ಕಿದ್ದಂತೆ ಒಳಕ್ಕಿಳಿಯುತ್ತದೆ,
ಹಗೇವಿನಂತೆ ಬಾಯಿ ಕಿರಿದು, ಒಳಗೆ ಅಗಲ.
ತಳದಲ್ಲಿ ಗೋಡೆ ಜರಡಿಯಾಗಿದೆ.
ಹೊರಗಿನವರು ಕೊರೆದದ್ದಲ್ಲ,
ಕಾವಲಿನವರೇ ಒಳಗಿಂದ ಸಡಿಲಿಸಿ
ಬಂದದ್ದನ್ನೆಲ್ಲ ಮುಟ್ಟಿ ನೋಡಲು ಬಂದು ಕೂತದ್ದು.
ಸುತ್ತ ಲಿಂಫೋಸೈಟುಗಳು, ರಾಗಿ ಚೆಲ್ಲಿದಂತೆ ಒತ್ತೊತ್ತಾಗಿ.
ನಡುನಡುವೆ ತಿಳಿಯಾದ ದುಂಡು ಅಂಗಳ:
ಹೊಸಬರು ಅಲ್ಲಿ ಹುಟ್ಟುತ್ತಾರೆ,
ಸರಿಬಾರದವರು ಅಲ್ಲೇ ಸಾಯುತ್ತಾರೆ,
ಸತ್ತವರನ್ನು ನುಂಗಿದ ದೊಡ್ಡ ಕೋಶವೊಂದು
ಹೊಟ್ಟೆ ತುಂಬ ನೀಲಿ ಚೂರುಗಳನ್ನಿಟ್ಟುಕೊಂಡು ನಿಂತಿದೆ.

ನನ್ನವನ್ನು ದೊಡ್ಡಾಸ್ಪತ್ರೆಯಲ್ಲಿ ತೆಗೆದಾಗ ಎಂಟು ವರ್ಷ.
ಅದಕ್ಕೆ ಮುಂಚೆ ಬೋರಮ್ಮಜ್ಜಿ ಉಪ್ಪು ಮೆಣಸು ಬೆರಳಿಗೆ ಒತ್ತಿಕೊಂಡು
'ಕಿರುನಾಲಿಗೆ ಬಿದ್ದೈತೆ, ಆ ಅನ್ನು' ಎಂದು
ಮೂರು ಸಲ ಎತ್ತಿದ್ದಳು.
ಟ್ರೇಯಲ್ಲಿ ಅಪ್ಪ ನೋಡಿದನಂತೆ: ಎರಡು ಗೋಡಂಬಿ.
ಯಾರೂ ಅವನ್ನು ಐದು ಮೈಕ್ರಾನಿಗೆ ಕೊಯ್ಯಲಿಲ್ಲ.
ಅಲ್ಲಿಯವರೆಗೆ ನುಂಗಿದ್ದರ ಲೆಕ್ಕವೆಲ್ಲ,
ಬಳಪ, ಹುಣಸೆ ಚಿಗುರು, ಕೆರೆ ನೀರು,
ಬಕೆಟ್ಟಿಗೆ ಹೋಯಿತು.

ನಲವತ್ತರ ಲೆನ್ಸಿಗೆ ತಿರುಗಿಸಿದೆ.
ಒಂದು ಹಗೇವಿನಲ್ಲಿ, ಉದುರಿದ ಕೋಶಗಳ ಕಸದ ನಡುವೆ,
ಹಂದಿಯದಲ್ಲದ್ದು.
ಪೆಟ್ಟಿಗೆ ಪೆಟ್ಟಿಗೆ ಗೋಡೆ, ಬಣ್ಣ ಸರಿಯಾಗಿ ಹಿಡಿಯದ ನಾರು.
ಕಬ್ಬಿನ ಸಿಬುರು.
ಕಾವಲಿನವರು ಸುತ್ತ ನೆರೆದಿದ್ದರು,
ಇದೇನೆಂದು ಇನ್ನೂ ತೀರ್ಮಾನಿಸಿರಲಿಲ್ಲ.

ಮೇಡಂ ಬಂದು ನೋಡಿದರು. 'ಎಲ್ಲ ಸರಿಯಿದೆ' ಅಂದರು.
ಶ್ವಾಸಕೋಶದ್ದು ಬೇರೆ ಸ್ಲೈಡು.
ರಿಪೋರ್ಟಿನಲ್ಲಿ ಬರೆದೆ: ವಿಶೇಷ ಬದಲಾವಣೆಗಳಿಲ್ಲ.
ನಾರಿಗೆ ಕಾಲಂ ಇರಲಿಲ್ಲ,
ಗಾಜಿನ ಮೇಲೆ ಮಾರ್ಕರಿನಲ್ಲಿ ಒಂದು ಚುಕ್ಕೆ ಇಟ್ಟೆ.

ಸಂಜೆ ಬಸ್‌ಸ್ಟ್ಯಾಂಡಿನ ಎದುರು ಗಾಣದ ಗೆಜ್ಜೆ.
'ಐಸ್ ಬೇಡ' ಅಂದೆ.
ಸೋಸಿದ್ದರೂ ಒಂದು ಎಳೆ ಬಂದು ಎಡಕ್ಕೆ ಸಿಕ್ಕಿತು,
ಮುಂಚೆ ಬಾಗಿಲಿದ್ದ ಕಡೆ.
ಕೆಮ್ಮಿದೆ, ಕಣ್ಣಲ್ಲಿ ನೀರು ಬರುವಷ್ಟು.
ಅಂಗಡಿಯವ ಗಾಬರಿಯಾಗಿ
ಒಂದು ಚೊಂಬು ನೀರು ಕೊಟ್ಟ.