ಶನಿವಾರದ ಎಣ್ಣೆ

ಕಾರಿನ ಹೆಸರು ಸ್ಯಾಟರ್ನ್. ಅಂದರೆ ಶನಿ.
ನಮ್ಮಲ್ಲಾದರೆ ದುಡ್ಡು ಕೊಟ್ಟು ಮನೆಗೆ ತರುವವರುಂಟೆ?
ಈರಿ ಸರೋವರದ ದಂಡೆಯಲ್ಲಿ, ರೆನಾಟಾ ಕುಬಿಯಾಕ್
ಸಾವಿರದ ನಾನೂರು ಡಾಲರು ಎಣಿಸಿ ತಂದಳು:
ಇಪ್ಪತ್ತು ದಾಟಿದ ಪುಟ್ಟ ಕೂಪೆ,
ಎಡಕ್ಕೆ ಎರಡು ಬಾಗಿಲು, ಬಲಕ್ಕೆ ಒಂದೇ,
ಅಂಗಿಯ ಗುಂಡಿ ತಪ್ಪಿಸಿ ಹಾಕಿದ ಹಾಗೆ.
ಮಾಡಿದ ಕಂಪನಿ ಎಂದೋ ಮುಚ್ಚಿದೆ.
ಬಿಡಿಭಾಗ ಬೇಕೆಂದರೆ ಗುಜರಿಗೆ ಹೋಗಿ
ಸತ್ತ ಒಡಹುಟ್ಟುಗಳ ಜೇಬು ತಡಕಬೇಕು.

ಮೈಯೆಲ್ಲ ಪ್ಲಾಸ್ಟಿಕ್ಕು. ಉಪ್ಪೆರಚಿದ ರಸ್ತೆಯಲ್ಲಿ
ನೆರೆಯವರ ಕಾರು ಹಪ್ಪಳದಂತೆ ಉದುರುವಾಗ
ಇದರ ಬಾಗಿಲಿಗೆ ತುಕ್ಕಿಲ್ಲ.
ಹೊಟ್ಟೆಯಡಿ ಇದೆ. ಬಗ್ಗಿ ನೋಡುವವರು ಯಾರು.

ರೋಗ ಇರುವುದು ಉಂಗುರದಲ್ಲಿ.
ಆಕಾಶದ ಶನಿಯದಲ್ಲ, ಪಿಸ್ಟನ್ನಿನದು.
'ಎಣ್ಣೆ ಕುಡಿಯುತ್ತೆ' ಎಂದ ಮೆಕ್ಯಾನಿಕ್ ಡ್ವೇನ್ ಪೆಟ್ರೋನೆ,
'ಬಿಚ್ಚಿ ಕೂಡಿಸಿದರೆ ಇನ್ನೊಂದು ಕಾರಿನ ಬೆಲೆ.
ಸುಮ್ಮನೆ ಕೇಳಿದಷ್ಟು ಹುಯ್ಯಿ, ಹುಡುಗಿ.'
ಹಾಗಾಗಿ ಶನಿವಾರ ಬೆಳಿಗ್ಗೆ ಬಾನೆಟ್ಟು ಎತ್ತಿ
ಕಡ್ಡಿ ಎಳೆದು, ಒರೆಸಿ, ಅದ್ದಿ, ಮತ್ತೆ ಎಳೆದು
ಅರ್ಧ ಬಾಟಲಿ ಎಣ್ಣೆ ಸಲ್ಲಿಸುತ್ತಾಳೆ.
ಅವಳಿಗೆ ರಜೆ ಆ ದಿನ, ಅಷ್ಟೇ ಕಾರಣ.
ನಗು ಬಂದರೆ ಅದು ನನ್ನ ಭಾಷೆಯ ತಪ್ಪು.

ಮೀಡ್‌ವಿಲ್ಲಿನ ವೃದ್ಧಾಶ್ರಮದ ಅಡುಗೆಮನೆಗೆ
ಹೋಗಿ ಬರಲು ದಿನಕ್ಕೆ ಎಂಬತ್ತು ಮೈಲಿ.
ಐವತ್ತೈದರಾಚೆ ಮುಳ್ಳು ಏರಗೊಡಳು.
ಟೈರಿಗೆ ಮೂವತ್ತೈದು ಗಾಳಿ. ಇಳಿಜಾರಿನಲ್ಲಿ
ಉಸಿರು ಹಿಡಿದು ಕಾಲು ತೆಗೆಯುತ್ತಾಳೆ,
ತಾನು ಹಗುರಾದರೆ ಕಾರೂ ಹಗುರಾದೀತೆಂದು.
ಹಿಂದಿನ ಲಾರಿಯವನು ಹಾರ್ನು ಒತ್ತಿದರೆ ಒತ್ತಲಿ,
ಅವನ ಪೆಟ್ರೋಲಿಗೆ ಅವನೇ ದುಡ್ಡು ಕೊಡುವವನು.

ಮೊದಲ ಯಜಮಾನ ಆರ್ವಿಲ್ ಲಿಂಡ್‌ಕ್ವಿಸ್ಟ್.
ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಬಿಟ್ಟುಹೋದ ನೋಟುಬುಕ್ಕು:
ತಾರೀಖು, ಮೈಲಿ, ಗ್ಯಾಲನ್ನು, ಭಾಗಾಕಾರ.
ಮೂವತ್ತಾರು. ಮೂವತ್ತೇಳು. ಚಳಿಗಾಲಕ್ಕೆ ಮೂವತ್ತೊಂದು.
ಪೆನ್ಸಿಲ್ಲಿನಲ್ಲಿ, ಇರುವೆ ಸಾಲಿನಷ್ಟು ಶಿಸ್ತಾಗಿ.
ಆಮೇಲೆ ಒಂದು ಫೆಬ್ರವರಿ
ಹತ್ತೊಂಬತ್ತು. ಹದಿನೇಳು. ಹದಿನೆಂಟು.

ಅವಳಿಗೆ ದಿಗಿಲು. ಈ ಕಾಯಿಲೆ ಮರುಕಳಿಸಿದರೆ?
ಡ್ವೇನ್ ಕನ್ನಡಕ ಹಣೆಗೇರಿಸಿ ಓದಿದ.
'ಸೆನ್ಸರ್ ಒಡೆದಿದ್ದೀತು. ಒಡೆದರೆ ಎಂಜಿನ್ನಿಗೆ
ಸದಾ ಚಳಿ ಅಂತ ಭ್ರಮೆ, ಸುಮ್ಮನೆ ಪೆಟ್ರೋಲು ಕುಡಿಯುತ್ತೆ.'
ಪುಟ ತಿರುಗಿಸಿದ. ಸೆನ್ಸರ್ ಹೊಸದು, ಅಕ್ಟೋಬರಿನಲ್ಲೇ ಹಾಕಿದ್ದು.
'ಹಾಗಾದರೆ ಕಾರು ಓಡಿಲ್ಲ. ನಿಂತಿದೆ.
ಎಂಜಿನ್ ಆರಿಸದೆ, ಗಂಟೆಗಟ್ಟಲೆ.'

ಅಂಚಿನಲ್ಲಿ ಎಷ್ಟು ಸಣ್ಣಗೆ ಬರೆದಿದ್ದನೆಂದರೆ
ಎಣ್ಣೆಯ ಬೆರಳ ಗುರುತೆಂದೇ ಅಂದುಕೊಂಡಿದ್ದಳು:
'ಎಂ. ಗೆ ಹಿಮಗಟ್ಟಿದ ಸರೋವರ ನೋಡುವಾಸೆ. ಹೀಟರ್ ಹಾಕಿದೆ.'
ಏಳು ವಾರ.
ಮಾರ್ಚಿ ಕೊನೆಗೆ ಮತ್ತೆ ಮೂವತ್ತನಾಲ್ಕು.
ಮೇ ತಿಂಗಳಲ್ಲಿ ಮೂವತ್ತೆಂಟು, ಈ ಕಾರಿನ ದಾಖಲೆ.
ಅದರ ಪಕ್ಕ ಏನೂ ಬರೆದಿಲ್ಲ.

ಡ್ವೇನ್ ಕೈಯೊರೆಸಿಕೊಂಡ. ದುಡ್ಡು ತೆಗೆದುಕೊಳ್ಳಲಿಲ್ಲ,
ಮಾಡಿದ ಕೆಲಸವೂ ಏನಿರಲಿಲ್ಲ ಅನ್ನಿ.

ಆ ಸಂಜೆ ಅವಳು ದಂಡೆಯಲ್ಲಿ ನಿಲ್ಲಿಸಿದಳು.
ಗಾಳಿಗೆ ಮಂಜುಗಡ್ಡೆ ಕಿರುಗುಟ್ಟುತ್ತಿತ್ತು,
ಎಡಬದಿಯ ಹಿಂದಿನ ಬಾಗಿಲಿನ ಹಾಗೆಯೇ.
ಪೆಟ್ರೋಲಿನ ಮುಳ್ಳು ನೋಡಿದಳು, ಸರೋವರ ನೋಡಿದಳು,
ಸಂಬಳಕ್ಕೆ ಇನ್ನೂ ನಾಲ್ಕು ದಿನ.
ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು.
ಕಾರೊಳಗಿನ ಬಿಸಿ ಹನ್ನೊಂದು ನಿಮಿಷ ಇತ್ತು.
ಅಷ್ಟೂ ಹೊತ್ತು ಕೂತಳು.